ಭಾಷಾ ನಿಮಜ್ಜನ ಸಹಿತ ವ್ಯವಹಾರ ನಿರ್ವಹಣಾ ಶಿಕ್ಷಣ

ಭಾಷಾ ನಿಮಜ್ಜನ ಸಹಿತ ವ್ಯವಹಾರ ನಿರ್ವಹಣಾ ಶಿಕ್ಷಣವು ಎಂ.ಬಿ.ಎ. ಅಥವಾ ಅದಕ್ಕೆ ಸಮಾನವಾದ ಸ್ನಾತಕೋತ್ತರ ವ್ಯಾಸಂಗದೊಡನೆ ಒಂದು ವಿದೇಶಿ ಭಾಷೆಯನ್ನೂ ಆ ಭಾಷೆಯನ್ನಾಡುವ ಜನರ ಜೀವನಕ್ರಮವನ್ನೂ ಆ ನಾಡಿನಲ್ಲೇ ನೆಲೆಸಿ ಕಲಿಯುವ ಶಿಕ್ಷಣ ಪದ್ಧತಿಯಾಗಿದೆ. ಹಣಕಾಸು, ಮಾರುಕಟ್ಟೆ, ಲೆಕ್ಕಶಾಸ್ತ್ರ ಮೊದಲಾದ ವಿಷಯಗಳು ಇದರಲ್ಲಿಯೂ ಇರುತ್ತವೆ. ಆದರೆ ಭಾಷೆಯು ಐಚ್ಛಿಕ ವಿಷಯವಾಗಿರದೆ ಪದವಿಯ ಒಂದು ಅಂಗವಾಗಿರುತ್ತದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಮತ್ತು ಯೂರೋಪಿನಲ್ಲಿ ರೂಪುಗೊಂಡ ಈ ಪದ್ಧತಿ ಭಾರತದಲ್ಲಿ ಭಾಗಶಃ ಮಾತ್ರ ನೆಲೆಗೊಂಡಿದೆ. ಕರ್ನಾಟಕದಲ್ಲಿ, ವಿಶೇಷವಾಗಿ ಮೈಸೂರಿನಲ್ಲಿ, ವ್ಯವಹಾರ ನಿರ್ವಹಣಾ ಶಾಲೆಗಳೂ ಭಾಷಾ ಸಂಸ್ಥೆಗಳೂ ಒಂದೇ ಊರಿನಲ್ಲಿದ್ದು ಬೇರೆ ಬೇರೆಯಾಗಿಯೇ ಬೆಳೆದಿವೆ.

ಹೆಸರು ಮತ್ತು ಅರ್ಥ

ನಿಮಜ್ಜನವೆಂದರೆ ಮುಳುಗುವಿಕೆ. ಕಲಿಯುವವನ ಸುತ್ತ ಆ ಭಾಷೆಯೊಂದೇ ಇದ್ದು, ಊಟ, ಬಾಡಿಗೆ, ಬಸ್ಸು, ಕಚೇರಿ, ಜಗಳ ಎಲ್ಲವೂ ಅದರಲ್ಲೇ ನಡೆಯಬೇಕಾದ ಸ್ಥಿತಿಯನ್ನು ಈ ಪದ ಸೂಚಿಸುತ್ತದೆ. ವಿದೇಶದಲ್ಲಿ ಇರುವುದು ಮತ್ತು ನಿಮಜ್ಜನ ಒಂದೇ ಅಲ್ಲ. ಮೈಸೂರಿನ ಗೋಕುಲಂ ಬಡಾವಣೆಗೆ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರು ತಿಂಗಳುಗಟ್ಟಲೆ ತಂಗಿದರೂ ಅವರ ದಿನಚರಿ ಇಂಗ್ಲಿಷಿನಲ್ಲೇ ಸಾಗಬಲ್ಲದು. ಹಾಗೆಯೇ ಬರ್ಲಿನ್ ಅಥವಾ ಟೋಕಿಯೋದಲ್ಲಿ ಇಂಗ್ಲಿಷ್ ಮಾಧ್ಯಮದ ಎಂ.ಬಿ.ಎ. ಓದಿ, ಭಾರತೀಯ ಗೆಳೆಯರೊಡನೆ ಕೋಣೆ ಹಂಚಿಕೊಂಡು, ಎರಡು ವರ್ಷಗಳ ನಂತರ ಅಲ್ಲಿನ ಭಾಷೆಯ ಕೆಲವೇ ಮಾತುಗಳೊಡನೆ ಮರಳುವುದು ಸಾಧ್ಯವಿದೆ. ಈ ವ್ಯತ್ಯಾಸವನ್ನು ಮೊದಲೇ ಗಮನಿಸದಿದ್ದರೆ ಪ್ರವೇಶ ಪುಸ್ತಿಕೆಗಳಲ್ಲಿ ಬರುವ 'ಅಂತರರಾಷ್ಟ್ರೀಯ ಅನುಭವ' ಎಂಬ ಮಾತಿಗೆ ಖಚಿತ ಅರ್ಥ ದೊರೆಯುವುದಿಲ್ಲ.

ಹಿನ್ನೆಲೆ

ವ್ಯಾಪಾರ ಮತ್ತು ಆಡಳಿತಕ್ಕಾಗಿ ಪರಭಾಷೆಯನ್ನು ವ್ಯವಸ್ಥಿತವಾಗಿ ಕಲಿಸುವ ಪ್ರಯತ್ನ ಭಾರತಕ್ಕೆ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿಯ ನೌಕರರಿಗಾಗಿ 1800ರಲ್ಲಿ ಕಲ್ಕತ್ತದಲ್ಲಿ ಫೋರ್ಟ್ ವಿಲಿಯಂ ಕಾಲೇಜು ಸ್ಥಾಪನೆಯಾಯಿತು. 1806ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಗಿ ಮುಂದೆ ಹೈಲಿಬರಿಯಲ್ಲಿ ನೆಲೆಗೊಂಡ ಈಸ್ಟ್ ಇಂಡಿಯಾ ಕಾಲೇಜಿನಲ್ಲಿ ಪೌರಸ್ತ್ಯ ಭಾಷೆಗಳ ಜೊತೆಗೆ ಅರ್ಥಶಾಸ್ತ್ರವೂ ಪಾಠವಾಗಿತ್ತು. ಜನಸಂಖ್ಯಾ ಸಿದ್ಧಾಂತದಿಂದ ಪ್ರಸಿದ್ಧನಾದ ಥಾಮಸ್ ರಾಬರ್ಟ್ ಮಾಲ್ಥಸ್ ಅಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ದಕ್ಷಿಣದ ಭಾಷೆಗಳಿಗೆಂದು 1812ರಲ್ಲಿ ಮದರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಆರಂಭವಾಯಿತು. ಇದರ ಹಿಂದಿದ್ದವನು ಫ್ರಾನ್ಸಿಸ್ ವೈಟ್ ಎಲ್ಲಿಸ್. ಅಲ್ಲಿ ಕಲಿಸಿದ ಭಾಷೆಗಳಲ್ಲಿ ಕನ್ನಡವೂ ಒಂದು. ಜಾನ್ ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಿಂದ ಪ್ರಕಟವಾದುದು ಇದೇ ವಾತಾವರಣದಲ್ಲಿ. ಆಳುವವರಿಗೆ ಆಳಿಸಿಕೊಳ್ಳುವವರ ಭಾಷೆ ಬೇಕಾಗಿತ್ತೆಂಬುದು ಈ ಎಲ್ಲ ಕಾಲೇಜುಗಳ ಮೂಲ ಕಾರಣವಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಕರಾವಳಿಯ ಉದಾಹರಣೆ ಇನ್ನೂ ಹತ್ತಿರದ್ದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಧರ್ಮಪ್ರಚಾರದ ಜೊತೆಗೆ ಮುದ್ರಣ, ನೇಯ್ಗೆ ಮತ್ತು ಹೆಂಚಿನ ಉದ್ಯಮಗಳನ್ನೂ ನಡೆಸಿತು. ಮಿಷನ್ನಿನ ವ್ಯಾಪಾರ ಕಂಪನಿ 1859ರಲ್ಲಿ ಸ್ಥಾಪನೆಗೊಂಡಿತು. ಮಂಗಳೂರಿನ ಹೆಂಚಿನ ಕಾರ್ಖಾನೆ 1865ರಲ್ಲಿ ಆರಂಭವಾಯಿತು. ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರತಂದನು. ಫರ್ಡಿನೆಂಡ್ ಕಿಟ್ಟೆಲ್ಲನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಜರ್ಮನ್ ಮಾತೃಭಾಷೆಯ ಇವರು ಕನ್ನಡವನ್ನು ಕಲಿತದ್ದು ಊರುಗಳಲ್ಲಿ ವರ್ಷಗಟ್ಟಲೆ ಬಾಳಿದ್ದರಿಂದ.

ಆಧುನಿಕ ಶಾಲೆಗಳು

ಸ್ನಾತಕೋತ್ತರ ಪದವಿಯ ರೂಪದಲ್ಲಿ ಈ ಶಿಕ್ಷಣವನ್ನು ಮೊದಲು ಆರಂಭಿಸಿದ ಸಂಸ್ಥೆಯೆಂದರೆ ಅಮೆರಿಕದ ಆರಿಜೋನ ರಾಜ್ಯದ ಥಂಡರ್‌ಬರ್ಡ್ ಶಾಲೆ. ಯುದ್ಧಕಾಲದಲ್ಲಿ ವೈಮಾನಿಕರಿಗೆ ತರಬೇತಿ ನೀಡಿದ ವಿಮಾನ ನೆಲೆಯೊಂದರಲ್ಲಿ, ಸೇನಾಧಿಕಾರಿ ಬಾರ್ಟನ್ ಕೈಲ್ ಯೌಂಟ್ 1946ರಲ್ಲಿ ಇದನ್ನು ಸ್ಥಾಪಿಸಿದರು. ಆಗ ಇದರ ಹೆಸರು ಅಮೆರಿಕನ್ ಇನ್‌ಸ್ಟಿಟ್ಯೂಟ್ ಫಾರ್ ಫಾರಿನ್ ಟ್ರೇಡ್. ಪಠ್ಯಕ್ರಮವು ಅಂತರರಾಷ್ಟ್ರೀಯ ವ್ಯಾಪಾರ, ಭಾಷೆ ಮತ್ತು ಪ್ರಾದೇಶಿಕ ಅಧ್ಯಯನ ಎಂಬ ಮೂರು ಕಾಲುಗಳ ಮೇಲೆ ನಿಂತಿತ್ತು. ಮೂರಕ್ಕೂ ಸಮಾನ ತೂಕ ಕೊಟ್ಟದ್ದು ಇದರ ವೈಶಿಷ್ಟ್ಯ.

ಸೌತ್ ಕ್ಯಾರೊಲಿನ ವಿಶ್ವವಿದ್ಯಾಲಯವು 1974ರಲ್ಲಿ ಅಂತರರಾಷ್ಟ್ರೀಯ ವ್ಯವಹಾರದ ಸ್ನಾತಕೋತ್ತರ ಪದವಿಯನ್ನು ಆರಂಭಿಸಿ, ತೀವ್ರ ಭಾಷಾ ತರಬೇತಿಯ ನಂತರ ವಿದ್ಯಾರ್ಥಿಗಳನ್ನು ಆ ಭಾಷೆಯ ದೇಶದಲ್ಲಿ ಇಂಟರ್ನ್‌ಶಿಪ್‌ಗೆ ಕಳುಹಿಸಿತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಲಿಯೊನಾರ್ಡ್ ಮತ್ತು ರೊನಾಲ್ಡ್ ಲಾಡರ್ ಸೋದರರು ತಂದೆಯ ನೆನಪಿಗೆ 1983ರಲ್ಲಿ ಸ್ಥಾಪಿಸಿದ ಲಾಡರ್ ಸಂಸ್ಥೆ ಇಂದಿಗೂ ಈ ಪದ್ಧತಿಯ ಮಾದರಿಯೆನಿಸಿದೆ. ಇಲ್ಲಿನ ವಿದ್ಯಾರ್ಥಿಗಳು ವಾರ್ಟನ್ ಶಾಲೆಯ ಎಂ.ಬಿ.ಎ. ಜೊತೆಗೆ ಅಂತರರಾಷ್ಟ್ರೀಯ ಅಧ್ಯಯನದ ಎಂ.ಎ. ಪದವಿಯನ್ನೂ ಪಡೆಯುತ್ತಾರೆ. ಎಂ.ಬಿ.ಎ. ತರಗತಿಗಳು ತೊಡಗುವುದಕ್ಕೆ ಮೊದಲೇ ಬೇಸಿಗೆಯಲ್ಲಿ ಅವರನ್ನು ತಾವು ಆರಿಸಿಕೊಂಡ ಭಾಷೆಯ ನಾಡಿಗೆ ಕಳುಹಿಸಲಾಗುತ್ತದೆ. ದಕ್ಷಿಣ ಏಷ್ಯಾ ಆರಿಸಿಕೊಂಡವರಿಗೆ ಹಿಂದಿ ಆ ಭಾಷೆಯಾಗಿದ್ದಿತು.

ಯೂರೋಪಿನ ಹಾದಿ ಸ್ವಲ್ಪ ಬೇರೆ. ಫ್ರಾನ್ಸಿನ ಫೊಂತೆನ್‌ಬ್ಲೋದಲ್ಲಿ 1957ರಲ್ಲಿ ಸ್ಥಾಪಿತವಾದ ಇನ್ಸಿಯಾಡ್ ಮೊದಲ ವರ್ಷಗಳಲ್ಲಿ ಇಂಗ್ಲಿಷ್, ಫ್ರೆಂಚ್ ಮತ್ತು ಜರ್ಮನ್ ಮೂರರಲ್ಲೂ ಪಾಠ ಮಾಡಿತು. ಪದವಿಗೆ ಮುನ್ನ ಮೂರನೆಯ ಭಾಷೆಯೊಂದರ ಪ್ರಾಥಮಿಕ ಜ್ಞಾನವಿರಬೇಕೆಂಬ ನಿಯಮವನ್ನು ಅದು ದೀರ್ಘಕಾಲ ಪಾಲಿಸಿತು. ಪ್ಯಾರಿಸ್ಸಿನಲ್ಲಿ 1973ರಲ್ಲಿ ಆರಂಭವಾದ ಇ.ಎ.ಪಿ. ಎಂಬ ಶಾಲೆಯ ವಿದ್ಯಾರ್ಥಿಗಳು ಒಂದೊಂದು ವರ್ಷವನ್ನು ಫ್ರಾನ್ಸ್, ಇಂಗ್ಲೆಂಡ್ ಮತ್ತು ಜರ್ಮನಿಯಲ್ಲಿ ಕಳೆದು, ಆಯಾ ದೇಶದ ಭಾಷೆಯಲ್ಲೇ ಪಾಠ ಕೇಳಿ ಪರೀಕ್ಷೆ ಬರೆಯುತ್ತಿದ್ದರು. ಈ ಶಾಲೆ 1999ರಲ್ಲಿ 1819ರಷ್ಟು ಹಳೆಯದಾದ ಇ.ಎಸ್.ಸಿ.ಪಿ.ಯೊಡನೆ ಸೇರಿತು. ಕಲೋನ್, ಬೊಕ್ಕೋನಿ, ಎಚ್.ಇ.ಸಿ. ಪ್ಯಾರಿಸ್ ಮತ್ತು ಎಸಾಡೆ ಸಂಸ್ಥೆಗಳು 1988ರಲ್ಲಿ ಕಟ್ಟಿದ ಸೆಮ್ಸ್ ಒಕ್ಕೂಟವು ಒಂದೇ ಪದವಿಯನ್ನು ಹಲವು ದೇಶಗಳಲ್ಲಿ ಹಂಚಿ, ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯನ್ನು ಪದವಿಯ ಷರತ್ತಾಗಿಸಿತು. ಈ ಒಕ್ಕೂಟಕ್ಕೆ ಭಾರತದಿಂದ ಸೇರಿದ ಸಂಸ್ಥೆ ಐಐಎಂ ಕಲ್ಕತ್ತ.

ಭಾಷಾ ಕಲಿಕೆಯ ಕಾಲ ಮತ್ತು ಮಟ್ಟ

ಭಾಷಾ ಸಾಮರ್ಥ್ಯವನ್ನು ಸಾಮಾನ್ಯವಾಗಿ ಯೂರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಎ1ರಿಂದ ಸಿ2ರವರೆಗಿನ ಆರು ಮಟ್ಟಗಳಲ್ಲಿ ಅಳೆಯುತ್ತಾರೆ. ಜಪಾನಿಗೆ ಎನ್5ರಿಂದ ಎನ್1ರವರೆಗೆ ಪ್ರತ್ಯೇಕ ಪರೀಕ್ಷೆಯಿದೆ. ಎ2 ಮಟ್ಟದಲ್ಲಿ ಅಂಗಡಿಯ ವ್ಯವಹಾರ ಸಾಗುತ್ತದೆ. ಸಭೆಯಲ್ಲಿ ಕುಳಿತು ವಾದಿಸಲು ಬಿ2 ಆದರೂ ಬೇಕು. ಪದವಿ ಪ್ರಮಾಣಪತ್ರದಲ್ಲಿ 'ಜರ್ಮನ್ ಕಲಿತಿದ್ದಾರೆ' ಎಂದಷ್ಟೇ ಇದ್ದರೆ ಉದ್ಯೋಗದಾತನಿಗೆ ಏನೂ ತಿಳಿದಂತಾಗುವುದಿಲ್ಲ.

ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯ ಅಂದಾಜಿನಂತೆ ಇಂಗ್ಲಿಷ್ ಮಾತೃಭಾಷೆಯವರಿಗೆ ಸ್ಪ್ಯಾನಿಷ್ ಅಥವಾ ಫ್ರೆಂಚ್ ವೃತ್ತಿಮಟ್ಟದಲ್ಲಿ ಕೈವಶವಾಗಲು 600ರಿಂದ 750 ಗಂಟೆಗಳ ತರಗತಿ ಬೇಕು. ಹಿಂದಿಗೆ 1,100 ಗಂಟೆ, ಜಪಾನಿ ಮತ್ತು ಅರಬ್ಬಿಗೆ 2,200 ಗಂಟೆ. ವಾರಕ್ಕೆ ನಾಲ್ಕು ಗಂಟೆಯಂತೆ ಎರಡು ವರ್ಷ ಕಲಿತರೂ ಎಂ.ಬಿ.ಎ. ವಿದ್ಯಾರ್ಥಿಗೆ ದೊರೆಯುವುದು ಹೆಚ್ಚೆಂದರೆ ಮುನ್ನೂರು ಗಂಟೆಗಳಷ್ಟು. ಉಳಿದದ್ದನ್ನು ತುಂಬುವುದು ನಿಮಜ್ಜನದ ಕೆಲಸ. ಅದಿಲ್ಲದೆ ಪಠ್ಯಕ್ರಮದಲ್ಲಿ ಭಾಷೆ ಹೆಸರಿಗೆ ಮಾತ್ರ ಉಳಿಯುತ್ತದೆ.

ಈ ಅಂಕಿಗಳನ್ನು ಕನ್ನಡಿಗರಿಗೆ ಹಾಗೆಯೇ ಅನ್ವಯಿಸಲಾಗದು. ಜಪಾನಿಯಲ್ಲಿ ಕರ್ತೃ, ಕರ್ಮ, ಕ್ರಿಯಾಪದಗಳ ಕ್ರಮ ಕನ್ನಡದಂತೆಯೇ ಇದೆ. ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯಗಳು ನಾಮಪದದ ಹಿಂದೆ ಬರುತ್ತವೆ. ಇಂಗ್ಲಿಷ್ ಮಾತಿನವರು ತಲೆಕೆಳಗಾಗಿ ಯೋಚಿಸಬೇಕಾದ ಕಡೆ ಕನ್ನಡಿಗರು ಪದಕ್ಕೆ ಪದವಿಟ್ಟು ಸಾಗಬಹುದು. ಅವರಿಗೂ ಕಷ್ಟವಾಗುವುದು ಲಿಪಿ, ಮುಖ್ಯವಾಗಿ ಕಾಂಜಿ. ಗೌರವ ರೂಪಗಳ ವಿಷಯವೂ ಹೀಗೆಯೇ. ನೀನು–ನೀವು ಭೇದವನ್ನು ಬಾಲ್ಯದಿಂದ ಬಲ್ಲವರಿಗೆ ಜರ್ಮನ್ನಿನ ದು–ಜೀ, ಫ್ರೆಂಚಿನ ತು–ವು ಬೋಧಿಸಿ ಹೇಳಬೇಕಾದ ವಿಚಿತ್ರಗಳಲ್ಲ. ಜಪಾನಿನ ವ್ಯವಹಾರದಲ್ಲಿ 'ಕೆಂಟೋ ಶಿಮಾಸು', ಅಂದರೆ 'ಪರಿಶೀಲಿಸುತ್ತೇವೆ', ಎಂಬ ಉತ್ತರ ಅನೇಕ ವೇಳೆ ನಯವಾದ ನಿರಾಕರಣೆಯಾಗಿರುತ್ತದೆ. ವ್ಯವಹಾರ ಕೈತಪ್ಪಿತೆಂದು ವಿದೇಶಿಯನಿಗೆ ತಿಳಿಯಲು ವಾರಗಳೇ ಬೇಕಾಗಬಹುದು. 'ನೋಡೋಣ' ಎಂಬ ಕನ್ನಡದ ಮಾತನ್ನು ಬಲ್ಲವರಿಗೆ ಇದರ ಸೂಚನೆ ಬೇಗನೆ ಹೊಳೆಯುತ್ತದೆ.

ಭಾರತದಲ್ಲಿ

ಕೇಂದ್ರ ವಾಣಿಜ್ಯ ಸಚಿವಾಲಯದ ಆಶ್ರಯದಲ್ಲಿ 1963ರಲ್ಲಿ ಸ್ಥಾಪಿತವಾದ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆ ತನ್ನ ಅಂತರರಾಷ್ಟ್ರೀಯ ವ್ಯವಹಾರದ ಎಂ.ಬಿ.ಎ.ಯಲ್ಲಿ ವಿದೇಶಿ ಭಾಷೆಯನ್ನು ಸೇರಿಸಿದೆ. ಬೆಂಗಳೂರಿನ ಐಐಎಂ (1973) ಸೇರಿದಂತೆ ದೊಡ್ಡ ಸಂಸ್ಥೆಗಳಲ್ಲಿ ಪ್ರಚಲಿತವಾಗಿರುವುದು ವಿನಿಮಯ ಕಾರ್ಯಕ್ರಮ. ವಿದ್ಯಾರ್ಥಿ ಒಂದು ಅವಧಿಯನ್ನು ವಿದೇಶದ ಸಹಭಾಗಿ ಶಾಲೆಯಲ್ಲಿ ಕಳೆದು ಬರುತ್ತಾನೆ. ಕೆಲವೇ ತಿಂಗಳುಗಳ ಈ ಅವಧಿಯಲ್ಲಿ ಪಾಠಗಳು ಬಹುತೇಕ ಇಂಗ್ಲಿಷಿನಲ್ಲೇ ಇರುವುದರಿಂದ ಇದನ್ನು ನಿಮಜ್ಜನವೆಂದು ಕರೆಯುವುದು ಉದಾರವಾದ ಮಾತಾಗುತ್ತದೆ.

ಭಾಷೆ ಕಲಿಯುವವರು ಸಾಮಾನ್ಯವಾಗಿ ಕಾಲೇಜಿನ ಹೊರಗೆ ಕಲಿಯುತ್ತಾರೆ. ಬೆಂಗಳೂರಿನಲ್ಲಿ ಗಯಟೆ ಇನ್‌ಸ್ಟಿಟ್ಯೂಟ್ (ಮ್ಯಾಕ್ಸ್ ಮ್ಯೂಲರ್ ಭವನ) ಮತ್ತು ಅಲಿಯಾನ್ಸ್ ಫ್ರಾನ್ಸೇಸ್ ಜರ್ಮನ್ ಹಾಗೂ ಫ್ರೆಂಚ್ ಪರೀಕ್ಷೆಗಳನ್ನು ನಡೆಸುತ್ತವೆ. ಜಪಾನಿ ಸಾಮರ್ಥ್ಯ ಪರೀಕ್ಷೆಗೂ ಅಲ್ಲಿ ಕೇಂದ್ರವಿದೆ.

ಮೈಸೂರಿನಲ್ಲಿ

1916ರ ಜುಲೈ 27ರಂದು ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯವು ಬ್ರಿಟಿಷ್ ಆಡಳಿತದ ಹೊರಗಿನ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಬಂದಿದ್ದರು. ಅಲ್ಲಿನ ಶಿಕ್ಷಣ ಮತ್ತು ಕೈಗಾರಿಕೆಗಳ ಸಂಬಂಧವನ್ನು ಅವರು ಮುಂದೆಯೂ ಮತ್ತೆ ಮತ್ತೆ ಉದಾಹರಿಸಿದರು. ಇಂದು ಮಾನಸಗಂಗೋತ್ರಿ ಆವರಣದಲ್ಲಿ ಬಿ.ಎನ್. ಬಹದ್ದೂರ್ ನಿರ್ವಹಣಾ ವಿಜ್ಞಾನಗಳ ಸಂಸ್ಥೆ ಎಂ.ಬಿ.ಎ. ಪಾಠ ಮಾಡುತ್ತದೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ನಿರ್ವಹಣಾ ಅಭಿವೃದ್ಧಿ ಸಂಸ್ಥೆ ಇದೆ.

ಮಾನಸಗಂಗೋತ್ರಿಗೆ ಹೊಂದಿಕೊಂಡಿರುವ ಭಾರತೀಯ ಭಾಷಾ ಸಂಸ್ಥಾನ ಆರಂಭವಾದದ್ದು 1969ರ ಜುಲೈ 17ರಂದು, ಡಿ.ಪಿ. ಪಟ್ಟನಾಯಕ್ ಅವರ ನಿರ್ದೇಶನದಲ್ಲಿ. ಇದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಬಂದು ಹತ್ತು ತಿಂಗಳು ತಂಗಿ ಕನ್ನಡ, ತಮಿಳು, ತೆಲುಗು ಅಥವಾ ಮಲಯಾಳವನ್ನು ಕಲಿಯುತ್ತಾರೆ. ಕನ್ನಡ ಕಲಿಯುವವರಿಗೆ ತರಗತಿ ಮುಗಿದ ಮೇಲೂ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ ಅದೇ ಭಾಷೆ. ನಿಮಜ್ಜನದ ನಿಜವಾದ ಅರ್ಥ ಇಲ್ಲಿ ಕಾಣಸಿಗುತ್ತದೆ. 1961ರಲ್ಲಿ ಸ್ಥಾಪಿತವಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಕೂಡ ತನ್ನ ಕನ್ನಡ ಶಿಕ್ಷಣವನ್ನು ಮೈಸೂರಿನಲ್ಲೇ ನಡೆಸುತ್ತ ಬಂದಿದೆ. ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬೇಸಿಗೆಯ ತಿಂಗಳುಗಳಿಗೆ ಅಥವಾ ಪೂರ್ಣ ಶೈಕ್ಷಣಿಕ ವರ್ಷಕ್ಕೆ ಇಲ್ಲಿಗೆ ಬರುತ್ತಾರೆ. ಅವರಲ್ಲಿ ಹೆಚ್ಚಿನವರ ವಿಷಯ ಸಾಹಿತ್ಯ, ಇತಿಹಾಸ, ಮಾನವಶಾಸ್ತ್ರಗಳೇ ಹೊರತು ವ್ಯವಹಾರ ನಿರ್ವಹಣೆಯಲ್ಲ.

ಉದ್ಯಮದ ಕಡೆಯಿಂದ ಹತ್ತಿರದ ಉದಾಹರಣೆ ಇನ್ಫೋಸಿಸ್. 2006ರಲ್ಲಿ ಈ ಕಂಪನಿ ನೂರಕ್ಕೂ ಹೆಚ್ಚು ಅಮೆರಿಕನ್ ಪದವೀಧರರನ್ನು ತನ್ನ ಮೈಸೂರು ತರಬೇತಿ ಕೇಂದ್ರಕ್ಕೆ ಕರೆತಂದಿತು. ವಾಸ, ಊಟ, ಪಾಠ ಎಲ್ಲವೂ ಆವರಣದೊಳಗೇ ಇದ್ದು ತರಬೇತಿ ಇಂಗ್ಲಿಷಿನಲ್ಲಿ ನಡೆದದ್ದರಿಂದ ಇದು ಸಂಸ್ಕೃತಿ ಪರಿಚಯವಾಯಿತೇ ಹೊರತು ಭಾಷಾ ನಿಮಜ್ಜನವಾಗಲಿಲ್ಲ.

ಹೀಗೆ ಒಂದೇ ಊರಿನಲ್ಲಿ, ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ವ್ಯವಹಾರ ಶಾಲೆ, ರಾಷ್ಟ್ರಮಟ್ಟದ ಭಾಷಾ ಸಂಸ್ಥೆ ಮತ್ತು ಜಗತ್ತಿನೊಡನೆ ವ್ಯಾಪಾರ ಮಾಡುವ ಉದ್ಯಮಗಳು ಇವೆ. ಭೌಗೋಳಿಕ ಸೂಚಕ ಪಡೆದ ಮೈಸೂರು ಅಗರಬತ್ತಿ ಹಲವು ದೇಶಗಳಿಗೆ ರಫ್ತಾಗುತ್ತದೆ. ಇಷ್ಟಿದ್ದೂ ಎಂ.ಬಿ.ಎ. ಓದುತ್ತಲೇ ವಿದೇಶಿ ಭಾಷೆಯಲ್ಲಿ ಬಿ2 ಮಟ್ಟ ಮುಟ್ಟಬೇಕೆನ್ನುವವರು ಈ ತುಂಡುಗಳನ್ನು ತಾವೇ ಹೊಲಿದುಕೊಳ್ಳಬೇಕಾಗುತ್ತದೆ.

ಉದಯಗಿರಿ ಮತ್ತು ನೆರೆಹೊರೆಯ ಭಾಷೆಗಳು

ನಗರದ ಈಶಾನ್ಯ ಭಾಗದ ಉದಯಗಿರಿ ಬಡಾವಣೆ ಮತ್ತು ಅದಕ್ಕೆ ತಾಗಿರುವ ರಾಜೀವ್ ನಗರ, ಶಾಂತಿನಗರ ಪ್ರದೇಶಗಳಲ್ಲಿ ಮುಸ್ಲಿಂ ಕುಟುಂಬಗಳು ಹೆಚ್ಚಿನ ಸಂಖ್ಯೆಯಲ್ಲಿ ನೆಲೆಸಿವೆ. ಮನೆಯ ಮಾತು ದಖನಿ ಉರ್ದು, ಬೀದಿಯದು ಕನ್ನಡ, ಕಾಲೇಜಿನದು ಇಂಗ್ಲಿಷ್ ಎಂಬ ಸ್ಥಿತಿ ಇಲ್ಲಿನ ಅನೇಕ ವಿದ್ಯಾರ್ಥಿಗಳದು. ದಿನಕ್ಕೆ ಹತ್ತಾರು ಬಾರಿ ಭಾಷೆ ಬದಲಿಸುವ ಈ ಅಭ್ಯಾಸವನ್ನು ಪ್ರವೇಶ ಪರೀಕ್ಷೆಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹೊಸ ಭಾಷೆ ಕಲಿಯುವಾಗ ತಪ್ಪಾಗಿ ಮಾತನಾಡುವ ಸಂಕೋಚವನ್ನು ಕಳೆಯುವುದರಲ್ಲಿ ಅದು ದೊಡ್ಡ ಬಂಡವಾಳ.

ದಖನಿಯು ಕನ್ನಡ, ತೆಲುಗು, ಮರಾಠಿಗಳ ನೆರೆಯಲ್ಲಿ ಬೆಳೆದ ಉರ್ದು. 'ಬೇಡ' ಎನ್ನಲು ದಖನಿಯವರು 'ನಕ್ಕೊ' ಎನ್ನುತ್ತಾರೆ, ಒತ್ತಿ ಹೇಳಲು 'ಇಚ್' ಸೇರಿಸುತ್ತಾರೆ. ದೆಹಲಿಯ ಕಚೇರಿಯಲ್ಲಿ ಈ ಮಾತು ಹಾಸ್ಯಕ್ಕೆ ಗುರಿಯಾಗಬಹುದಾದರೂ ಹಿಂದಿಯಲ್ಲಿ ವ್ಯವಹರಿಸಲು ಬೇಕಾದ ವ್ಯಾಕರಣದ ಬಹುಭಾಗ ಅದರಲ್ಲೇ ಇದೆ. ಅರಬ್ಬಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಉರ್ದು ಓದುಬರಹ ಬಲ್ಲವರಿಗೆ ಅರಬ್ಬಿ ಅಕ್ಷರಗಳು ಪರಿಚಿತ. ಕುರಾನ್ ಪಠಣ ಕಲಿತವರಿಗೆ ಉಚ್ಚಾರಣೆಯೂ ಅಭ್ಯಾಸವಾಗಿರುತ್ತದೆ. ಆದರೆ ಓದಬಲ್ಲವರೆಲ್ಲ ಮಾತನಾಡಬಲ್ಲವರಲ್ಲ. ಉರ್ದು ಮೂಲತಃ ಹಿಂದಿಯ ಬಳಗದ ಭಾಷೆ, ಅರಬ್ಬಿ ಬೇರೊಂದೇ ಕುಲದ್ದು. ಕೊಲ್ಲಿ ದೇಶಗಳ ಬಜಾರಿನಲ್ಲಿ ಕೇಳಿಬರುವ ಆಡುಮಾತು ಪುಸ್ತಕದ ಅರಬ್ಬಿಗಿಂತ ಸಾಕಷ್ಟು ಭಿನ್ನ. ದುಬೈ ಅಥವಾ ದೋಹಾದಲ್ಲಿ ಇಂಗ್ಲಿಷ್, ಹಿಂದಿ, ಮಲಯಾಳಗಳಿಂದಲೇ ಕೆಲಸ ನಡೆಯುವುದರಿಂದ ಅಲ್ಲಿ ಹೋದವರೂ ಅರಬ್ಬಿ ಕಲಿಯದೆ ಉಳಿಯುವುದು ಸಾಮಾನ್ಯ. ಆ ಭಾಷೆಯನ್ನು ವ್ಯವಹಾರಕ್ಕೆ ಕಲಿಯಬೇಕಾದರೆ ಅದಕ್ಕೆಂದೇ ತರಗತಿ ಮತ್ತು ಅರಬ್ಬರೊಡನೆ ವಾಸ ಎರಡೂ ಬೇಕು.

ಮಾನ್ಯತೆ ಮತ್ತು ಧನಸಹಾಯ

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ನಿಯಮಗಳು ಭಾರತೀಯ ಮತ್ತು ವಿದೇಶಿ ಸಂಸ್ಥೆಗಳ ಸಹಯೋಗಕ್ಕೆ ಮೂರು ದಾರಿ ತೆರೆದಿವೆ. ಟ್ವಿನ್ನಿಂಗ್ ಕ್ರಮದಲ್ಲಿ ಪದವಿ ಭಾರತೀಯ ಸಂಸ್ಥೆಯದು. ವಿದೇಶದಲ್ಲಿ ಗಳಿಸುವ ಕ್ರೆಡಿಟ್ ಶೇ. 30ನ್ನು ಮೀರಬಾರದು. ಜಂಟಿ ಪದವಿಯಲ್ಲಿ ಎರಡೂ ಕಡೆ ಕನಿಷ್ಠ ಶೇ. 30ರಷ್ಟು ಕ್ರೆಡಿಟ್ ಗಳಿಸಬೇಕು. ದ್ವಿಪದವಿಯಲ್ಲಿ ಎರಡು ಸಂಸ್ಥೆಗಳೂ ಪ್ರತ್ಯೇಕವಾಗಿ ಪದವಿ ನೀಡುತ್ತವೆ. ಮೈಸೂರಿನಂಥ ಊರಿನ ಕಾಲೇಜಿಗೂ ಭಾಷಾವಾಸವನ್ನು ಪದವಿಯೊಳಗೆ ಸೇರಿಸಲು ಇದರಿಂದ ಅವಕಾಶ ಉಂಟಾಗಿದೆ. ಆದರೆ ಭಾಷೆ ಕಲಿಸಲೇಬೇಕೆಂಬ ಷರತ್ತು ನಿಯಮದಲ್ಲಿಲ್ಲ.

ಈ ಶಿಕ್ಷಣದಲ್ಲಿ ಶುಲ್ಕದಷ್ಟೇ ಭಾರವಾಗುವುದು ವಿದೇಶವಾಸದ ಖರ್ಚು. ಯೂರೋಪ್ ಒಕ್ಕೂಟದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಭಾರತೀಯರಿಗೂ ದೊರೆಯುತ್ತದೆ. ಅದರಲ್ಲಿ ಕನಿಷ್ಠ ಎರಡು ದೇಶಗಳಲ್ಲಿ ಓದಬೇಕಾಗುತ್ತದೆ. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ ಪಡೆದ ಸಂಶೋಧನಾ ವಿದ್ಯಾರ್ಥಿಗಳಿಗೆ ಜಪಾನಿ ಬಾರದಿದ್ದರೆ ಮೊದಲು ಆರು ತಿಂಗಳ ಭಾಷಾ ತರಬೇತಿಯ ಅವಕಾಶವಿದೆ. ಜರ್ಮನಿಗೆ ಡಿ.ಎ.ಎ.ಡಿ. ಸಂಸ್ಥೆಯ ನೆರವಿದೆ. ಸಾಲ ಮಾಡಿ ಹೋಗುವವರು ಭಾಷಾ ತರಬೇತಿಯ ತಿಂಗಳುಗಳನ್ನೂ ಖರ್ಚಿನಲ್ಲಿ ಸೇರಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಆಕ್ಷೇಪಗಳು

ಇಂಗ್ಲಿಷ್ ಒಂದರಿಂದಲೇ ಅಂತರರಾಷ್ಟ್ರೀಯ ವ್ಯವಹಾರ ಸಾಗುವಾಗ ಇಷ್ಟು ಕಾಲ ಮತ್ತು ಹಣವನ್ನು ಇನ್ನೊಂದು ಭಾಷೆಗೆ ವಿನಿಯೋಗಿಸಬೇಕೇ ಎಂಬುದು ಮುಖ್ಯ ಆಕ್ಷೇಪ. ಕಂಪನಿಗಳ ಮೇಲ್ಮಟ್ಟದ ಸಭೆಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಸಣ್ಣ ಸರಬರಾಜುದಾರರು, ಕಾರ್ಖಾನೆಯ ಮೇಸ್ತ್ರಿ, ಸರ್ಕಾರಿ ಗುಮಾಸ್ತ, ಗ್ರಾಹಕ ಇವರೊಡನೆ ಮಾತನಾಡಬೇಕಾದಾಗ ಅದು ನಿಲ್ಲುವುದಿಲ್ಲ. ಕನ್ನಡ ಬಾರದೆ ಬೆಂಗಳೂರಿನಲ್ಲಿ ಕಚೇರಿ ನಡೆಸುವುದು ಸಾಧ್ಯ, ಚನ್ನಪಟ್ಟಣದ ಗೊಂಬೆ ತಯಾರಕರಿಂದ ಸರಕು ಕೊಳ್ಳುವುದು ಕಷ್ಟ. ಹೊರದೇಶಗಳಲ್ಲೂ ಪರಿಸ್ಥಿತಿ ಬೇರೆಯಲ್ಲ.

ಎರಡನೆಯದು ಮಾರುಕಟ್ಟೆಯೇ ಎತ್ತಿದ ಆಕ್ಷೇಪ. ಮೂರು ಕಾಲುಗಳ ಮೇಲೆ ನಿಂತಿದ್ದ ಥಂಡರ್‌ಬರ್ಡ್ ಶಾಲೆ 2010ರ ನಂತರ ಆರ್ಥಿಕ ಸಂಕಷ್ಟಕ್ಕೆ ಸಿಲುಕಿ, 2014ರ ಕೊನೆಗೆ ಸ್ವತಂತ್ರ ಅಸ್ತಿತ್ವವನ್ನು ಬಿಟ್ಟು ಆರಿಜೋನ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸೇರಿತು. ಉಳಿದ ಶಾಲೆಗಳೆಲ್ಲ ತಮ್ಮ ಎಂ.ಬಿ.ಎ.ಗೆ 'ಜಾಗತಿಕ' ಎಂಬ ವಿಶೇಷಣ ಸೇರಿಸಿಕೊಂಡ ಮೇಲೆ, ಭಾಷೆಯನ್ನೂ ಕಲಿಸುವ ಶಾಲೆಯನ್ನು ಬೇರೆಯಾಗಿ ಗುರುತಿಸುವುದು ವಿದ್ಯಾರ್ಥಿಗಳಿಗೂ ಕಷ್ಟವಾಯಿತು.

ಬಳಸದ ಭಾಷೆ ಮರೆತುಹೋಗುತ್ತದೆಂಬುದು ಮೂರನೆಯದು. ಜಪಾನಿನಲ್ಲಿ ಎನ್2 ಪಡೆದು ಬಂದವರು ಊರಿನಲ್ಲಿ ಬ್ಯಾಂಕ್ ನೌಕರಿಗೆ ಸೇರಿದರೆ ಮಾತು ಕೆಲವೇ ವರ್ಷಗಳಲ್ಲಿ ಕುಂದುತ್ತದೆ, ಕಾಂಜಿ ಅದಕ್ಕೂ ಮೊದಲು. ಬೆಂಗಳೂರು ಮತ್ತು ಬಿಡದಿಯ ಸುತ್ತ ಜಪಾನಿ ಕಂಪನಿಗಳಿರುವುದರಿಂದ ಆ ಭಾಷೆಯನ್ನು ಊರಿನ ಹತ್ತಿರವೇ ಬಳಕೆಯಲ್ಲಿಡಲು ಸಾಧ್ಯವಿದೆ. ಬೇರೆ ಹಲವು ಭಾಷೆಗಳಿಗೆ ಈ ಅನುಕೂಲವಿಲ್ಲ.